ಗೆಳೆಯನಿಗೊಂದು ಪತ್ರ: ಓಕ್‌ಲ್ಯಾಂಡಿನ ಕೊನೇ ಮ್ಯಾಚು ನೋಡಿಕೊಂಡು ಬಂದೆ

ಫ್ರೀಮಾಂಟ್, ಕ್ಯಾಲಿಫೋರ್ನಿಯಾ, 28 ಸೆಪ್ಟೆಂಬರ್ 2024

ಲೋ ಮಂಜ,

ನಿನ್ನ ಮೆಸೇಜುಗಳಿಗೆ ಉತ್ತರ ಕೊಟ್ಟಿಲ್ಲ ಅಂತ ಸಿಟ್ಟಾಗಬೇಡ. ಎಲ್ಲದಕ್ಕೂ ಸೇರಿಸಿ ಇಲ್ಲೇ ಬರೆಯುತ್ತಿದ್ದೇನೆ. ಊರಿಗೆಲ್ಲ ಕಾಣುವ ಹಾಗೆ ಯಾಕೆ ಹಾಕಿದೆ ಅಂತ ಕೇಳುತ್ತೀಯ. ನಿನಗೊಬ್ಬನಿಗೇ ಕಳಿಸಿದರೆ ಮೊದಲ ಎರಡು ಸಾಲು ಓದಿ ಹೆಬ್ಬೆಟ್ಟು ಒತ್ತಿ ಸುಮ್ಮನಾಗುತ್ತೀಯ. ನಾಲ್ಕು ಜನ ನೋಡುತ್ತಿದ್ದಾರೆ ಅಂದರೆ ಪೂರ್ತಿ ಓದುತ್ತೀಯ. ನಿನ್ನ ಬುದ್ಧಿ ನನಗೆ ಗೊತ್ತಿಲ್ವಾ.

ಮೊದಲು ನಿನ್ನ ಪ್ರಶ್ನೆ. "ಗೆಲ್ಲದ ಟೀಮು, ಅದೂ ಸೀಸನ್ ಮುಗಿಯೋ ಹೊತ್ತು, ಅದಕ್ಕೆ ದುಡ್ಡು ಕೊಟ್ಟು ಹೋಗ್ತೀಯಲ್ಲ, ಮಾಡೋಕೆ ಕೆಲಸ ಇಲ್ವಾ?" ಈ ಮಾತನ್ನು ಆರ್‌ಸಿಬಿ ಜೆರ್ಸಿ ತೊಟ್ಟು ಡಿಪಿ ಇಟ್ಟವನು ಕೇಳಬಾರದು ಕಣೋ. ಮುಂದಿನ ಸಲ ಕಪ್ ನಮ್ದೇ, ಆಯ್ತಾ? ಅದನ್ನು ಅಲ್ಲಿಗೆ ಬಿಡೋಣ.

ಇಲ್ಲಿಯ ಬೇಸ್‌ಬಾಲಿನಲ್ಲಿ ಒಂದು ಟೀಮಿಗೆ ವರ್ಷಕ್ಕೆ 162 ಮ್ಯಾಚು. ಮಾರ್ಚ್ ಕೊನೆಯಿಂದ ಸೆಪ್ಟೆಂಬರ್ ಕೊನೆಯ ತನಕ ಹೆಚ್ಚುಕಮ್ಮಿ ದಿನಾ ಆಡುತ್ತಾರೆ. ಏಪ್ರಿಲ್‌ನಲ್ಲಿ ಎಲ್ಲರಿಗೂ ಆಸೆ ಇರುತ್ತದೆ. ಸೆಪ್ಟೆಂಬರ್ ಹೊತ್ತಿಗೆ ಸೋತವರು ಸೋತಿರುತ್ತಾರೆ, ಆದರೂ ಮ್ಯಾಚು ಮಾತ್ರ ಮುಗಿದಿರುವುದಿಲ್ಲ. ಆಗ ಹೋಗಿ ಕೂರುವುದರಲ್ಲಿ ಬೇರೆಯದೇ ಸುಖ ಇದೆ. ಪಾಯಿಂಟ್ಸ್ ಟೇಬಲ್ ಕಡೆ ಯಾರೂ ನೋಡುವುದಿಲ್ಲ. ಕೆಳಗಿನ ಲೀಗಿನಿಂದ ಹೊಸ ಹುಡುಗರನ್ನು ಕರೆಸಿ ಆಡಿಸುತ್ತಾರೆ. ಅವರು ಮುಂದಿನ ವರ್ಷದ ಕೆಲಸಕ್ಕಾಗಿ ಜೀವ ಬಿಟ್ಟು ಓಡುತ್ತಾರೆ. ನಾವು ಕಾಲು ಚಾಚಿಕೊಂಡು ಕಡಲೆಕಾಯಿ ಬಿಡಿಸುತ್ತಾ, ಸಿಪ್ಪೆಯನ್ನು ಅಲ್ಲೇ ಕಾಲಕೆಳಗೆ ಹಾಕುತ್ತಾ ಕೂರುತ್ತೇವೆ. ಬೈಯುವವರಿಲ್ಲ. ಅಮೆರಿಕಾದಲ್ಲಿ ಕಸವನ್ನು ನೆಲಕ್ಕೆ ಹಾಕಿ ಬೈಸಿಕೊಳ್ಳದ ಜಾಗ ಇದೊಂದೇ ಅಂತ ಕಾಣುತ್ತದೆ.

ನಾನು ಹೋಗುತ್ತಿದ್ದದ್ದು ಓಕ್‌ಲ್ಯಾಂಡಿನ ಕೊಲಿಸಿಯಂಗೆ. ಟೀಮಿನ ಹೆಸರು ಅಥ್ಲೆಟಿಕ್ಸ್, ಜನರ ಬಾಯಲ್ಲಿ ಏಸ್. ಹಸಿರು ಹಳದಿ ಬಣ್ಣ, ಆನೆಯ ಗುರುತು. ನಮ್ಮ ಮನೆಯಿಂದ ಬಾರ್ಟ್ ರೈಲು ಹತ್ತಿದರೆ ಹೇವರ್ಡ್, ಸ್ಯಾನ್ ಲಿಯಾಂಡ್ರೋ ದಾಟಿ ಸ್ಟೇಡಿಯಂ ಬಾಗಿಲಿಗೇ ಸ್ಟೇಷನ್. ಇಳಿದು ಒಂದು ಉದ್ದದ ಕಾಲುಸೇತುವೆ ದಾಟಬೇಕು. ಎರಡೂ ಕಡೆ ತಂತಿ ಬೇಲಿ, ಕೆಳಗೆ ಕೊಳಕು ನೀರಿನ ಕಾಲುವೆ. ಆ ಸೇತುವೆಯ ಮೇಲೆ ತಳ್ಳುಗಾಡಿ ಇಟ್ಟುಕೊಂಡು ಹಾಟ್ ಡಾಗ್ ಸುಡುವವರು ನಿಂತಿರುತ್ತಾರೆ. ಪಕ್ಕದಲ್ಲೇ ತಗಡಿನ ಮೇಲೆ ರಾಶಿ ಈರುಳ್ಳಿ ಹುರಿಯುತ್ತಿರುತ್ತದೆ. ನಾನು ಅದನ್ನು ತಿನ್ನುವವನಲ್ಲ. ಆದರೂ ಆ ಈರುಳ್ಳಿ ವಾಸನೆ ಮೂಗಿಗೆ ಬಡಿದ ಕೂಡಲೇ ಹಸಿವಾಗುತ್ತಿತ್ತು. ಒಬ್ಬ ಹೆಂಗಸು ನನ್ನನ್ನು ಗುರುತು ಹಿಡಿದು, ಬ್ರೆಡ್ಡಿನೊಳಗೆ ಬರೀ ಈರುಳ್ಳಿ, ಮೆಣಸಿನಕಾಯಿ ತುಂಬಿ ಕೊಡುತ್ತಿದ್ದಳು. ಪೂರ್ತಿ ದುಡ್ಡು ತಗೊಳ್ಳುತ್ತಿದ್ದಳು ಅನ್ನು.

ಸ್ಟೇಡಿಯಂ ಬಗ್ಗೆ ಸುಳ್ಳು ಹೇಳುವುದಿಲ್ಲ, ಅದೊಂದು ಹಳೇ ಕಾಂಕ್ರೀಟ್ ಬಾಣಲೆ. 1966ರದ್ದು. ಮೊದಲು ಅಲ್ಲಿ ಕೂತರೆ ಓಕ್‌ಲ್ಯಾಂಡಿನ ಗುಡ್ಡಗಳು ಕಾಣುತ್ತಿದ್ದವಂತೆ. ತೊಂಬತ್ತರ ದಶಕದಲ್ಲಿ ಫುಟ್‌ಬಾಲ್ ಟೀಮನ್ನು ವಾಪಸ್ ಕರೆಸಿಕೊಳ್ಳುವ ಆಸೆಗೆ ಬಿದ್ದು, ಗುಡ್ಡಕ್ಕೆ ಅಡ್ಡವಾಗಿ ಸೀಟುಗಳ ದೊಡ್ಡ ಗೋಡೆ ಕಟ್ಟಿದರು. ಫುಟ್‌ಬಾಲಿನವರು 2020ಕ್ಕೆ ಲಾಸ್ ವೇಗಸ್‌ಗೆ ಹೋದರು. ಗೋಡೆ ಉಳಿಯಿತು. ಚರಂಡಿ ಉಕ್ಕಿ ಆಟಗಾರರ ಕೋಣೆಗೆ ನುಗ್ಗಿದ್ದೂ ಇದೆ. ಹೋದ ವರ್ಷ ಕಾಮೆಂಟರಿ ಹೇಳುವವರ ಒಂದು ಕೋಣೆಯಲ್ಲಿ ಪಾಸಮ್ ಸೇರಿಕೊಂಡಿತ್ತು. ಬೆಕ್ಕಿನ ಗಾತ್ರ, ಹೆಗ್ಗಣದ ಮೂತಿ. ಹೊರಗಿನಿಂದ ಬಂದ ಟಿವಿಯವರು ಆ ವಾಸನೆಗೆ ಹೆದರಿ ಬೇರೆ ಕೋಣೆ ಹುಡುಕಿಕೊಂಡರು. ನಮ್ಮ ಹೈಸ್ಕೂಲ್ ಪೆವಿಲಿಯನ್ ನೆನಪಾಯಿತಾ? ಕಲ್ಲೇಶಿ ಅಂಪೈರಿಂಗ್ ನೆನಪಾಗದಿದ್ದರೆ ಸಾಕು.

ಇಂಥ ಟೀಮು ಈಗ ಊರು ಬಿಡುತ್ತಿದೆ. ಮುಂದಿನ ವರ್ಷದಿಂದ ಸ್ಯಾಕ್ರಮೆಂಟೊ, ಆಮೇಲೆ ಲಾಸ್ ವೇಗಸ್. ಎಷ್ಟೋ ವರ್ಷದಿಂದ ಮದುವೆಯಾಗದ ಗಂಡು ಊರೂರು ಹೆಣ್ಣು ನೋಡಿದ ಹಾಗೆ ಜಾಗ ನೋಡುತ್ತಲೇ ಇದ್ದರು. ನಾನಿರುವ ಈ ಫ್ರೀಮಾಂಟಿಗೇ ಬರುತ್ತೇವೆ ಅಂತ 2006ರಲ್ಲಿ ಹೇಳಿ, 2009ರಲ್ಲಿ ಕೈಬಿಟ್ಟರು. ಆಮೇಲೆ ಸ್ಯಾನ್ ಹೊಸೆ. ಅದು ಸ್ಯಾನ್ ಫ್ರಾನ್ಸಿಸ್ಕೋದ ಬೇಸ್‌ಬಾಲ್ ಟೀಮು ಜೈಂಟ್ಸ್‌ನ ಗಡಿಯೊಳಗೆ ಬರುತ್ತದೆ ಅಂತ ಆಗಲಿಲ್ಲ. ಆಮೇಲೆ ಓಕ್‌ಲ್ಯಾಂಡಿನ ಬಂದರಿನ ಹತ್ತಿರ. ಇಷ್ಟೆಲ್ಲ ನಡೆಯುವಾಗ ಪೋಸ್ಟರುಗಳಲ್ಲಿ ಮಾತ್ರ "ಓಕ್‌ಲ್ಯಾಂಡಿನಲ್ಲಿ ಬೇರು ಬಿಟ್ಟವರು" ಅಂತ ಬರೆಸಿಕೊಂಡಿದ್ದರು. ಹೋದ ನವೆಂಬರಿನಲ್ಲಿ ಲೀಗಿನ ಮಾಲೀಕರೆಲ್ಲ ಸೇರಿ ವೋಟು ಹಾಕಿದರು. 30ಕ್ಕೆ 30, ಹೋಗಲಿ ಅಂತ. ಒಬ್ಬನೂ ಬೇಡ ಅನ್ನಲಿಲ್ಲ.

ಬ್ಯಾಸ್ಕೆಟ್‌ಬಾಲಿನ ವಾರಿಯರ್ಸ್ 2019ರಲ್ಲೇ ಕೊಲ್ಲಿ ದಾಟಿ ಸ್ಯಾನ್ ಫ್ರಾನ್ಸಿಸ್ಕೋ ಸೇರಿದ್ದರು. ಅಲ್ಲಿಗೆ ಐದಾರು ವರ್ಷದಲ್ಲಿ ಒಂದೂರಿನ ಮೂರು ಟೀಮು ಹೋದ ಹಾಗಾಯಿತು.

"ಜನ ಬರದಿದ್ದರೆ ಹೋಗದೇ ಇನ್ನೇನು ಮಾಡ್ತಾರೆ" ಅಂತ ನೀನು ಬರೆದಿದ್ದೆ. ಲೆಕ್ಕ ನೋಡಿದರೆ ನಿಜ. ಈ ಸಲ ಇಡೀ ಲೀಗಿನಲ್ಲಿ ಕಡಿಮೆ ಜನ ಬಂದದ್ದು ಇಲ್ಲಿಗೇ. ಆದರೆ ಬೆಳೆಸಿದ ಹುಡುಗರನ್ನೆಲ್ಲ ಬೇರೆ ಟೀಮುಗಳಿಗೆ ಕಳಿಸಿಬಿಟ್ಟರೆ ಯಾರನ್ನು ನೋಡೋಕೆ ಬರಬೇಕು? 2022ರಲ್ಲಿ ಮ್ಯಾಟ್ ಓಲ್ಸನ್, ಮ್ಯಾಟ್ ಚಾಪ್‌ಮನ್ ಇಬ್ಬರನ್ನೂ ಒಂದೇ ವಾರದಲ್ಲಿ ಕಳಿಸಿದರು. ಮುಂದಿನ ವರ್ಷ 112 ಮ್ಯಾಚು ಸೋತರು. ಕೊಹ್ಲಿಯನ್ನು ಕೊಟ್ಟುಬಿಟ್ಟು ಚಿನ್ನಸ್ವಾಮಿಗೆ ಜನ ಬರ್ತಿಲ್ಲ ಅಂದರೆ ಸುಮ್ಮನಿರುತ್ತೀಯಾ ನೀನು?

ಇಲ್ಲಿಯವರೂ ಸುಮ್ಮನಿರಲಿಲ್ಲ. 2023ರ ಜೂನ್ 13, ಮಂಗಳವಾರ ರಾತ್ರಿ, ಎಲ್ಲರೂ ಬೇಕಂತಲೇ ಒಟ್ಟಿಗೆ ಬಂದರು. ಬಹಿಷ್ಕಾರ ಅಲ್ಲ, ಅದರ ಉಲ್ಟಾ. 27,759 ಜನ. "ಸೆಲ್" ಅಂತ ದೊಡ್ಡದಾಗಿ ಬರೆದ ಹಸಿರು ಟೀ ಶರ್ಟ್ ಪುಕ್ಕಟೆ ಹಂಚಿದರು. ಟೀಮನ್ನು ಬೇರೆಯವರಿಗೆ ಮಾರಿ ತೊಲಗಪ್ಪ ಅಂತ ಮಾಲೀಕ ಜಾನ್ ಫಿಶರ್‌ಗೆ ಹೇಳಿದ್ದು. ಆ ರಾತ್ರಿ ಟೀಮು ಗೆದ್ದೂ ಗೆದ್ದಿತು. ಅದೇ ವಾರ ನೆವಾಡ ರಾಜ್ಯ ವೇಗಸ್‌ನ ಹೊಸ ಸ್ಟೇಡಿಯಂಗೆ 38 ಕೋಟಿ ಡಾಲರ್ ತನಕ ಸರ್ಕಾರಿ ದುಡ್ಡು ಕೊಡಲು ಒಪ್ಪಿತು. ನಾನು ಆ ಟೀ ಶರ್ಟ್ ಹಾಕಿಕೊಂಡ ಫೋಟೋವನ್ನು ಮನೆ ಗ್ರೂಪಿಗೆ ಹಾಕಿದೆ. ಅಪ್ಪ ತಕ್ಷಣ ಫೋನ್ ಮಾಡಿದರು. "ಏನನ್ನೋ ಮಾರ್ತಿರೋದು? ತೋಟದ ವಿಷಯ ಏನಾದ್ರೂ ಇದ್ರೆ ಮೊದಲು ನನ್ನ ಹತ್ರ ಹೇಳಬೇಕು."

ಸರಿ, ಈ ತಿಂಗಳ ವಿಷಯಕ್ಕೆ ಬರುತ್ತೇನೆ. ಕಳೆದ ವಾರ ನ್ಯೂಯಾರ್ಕಿನ ಯಾಂಕೀಸ್ ಟೀಮಿನವರು ಬಂದಿದ್ದರು. ಸ್ಟೇಡಿಯಂನಲ್ಲಿ ಎಲ್ಲಿ ನೋಡಿದರೂ ಅವರ ಕಡೆಯವರೇ. ನಮ್ಮ ಮನೆಯಲ್ಲಿ ನಾವೇ ನೆಂಟರಾಗಿದ್ದೆವು. ಕೊನೆಗೆ ಟೆಕ್ಸಸ್ ರೇಂಜರ್ಸ್, ಹೋದ ವರ್ಷದ ಚಾಂಪಿಯನ್ನರು. ಮೊನ್ನೆ ಗುರುವಾರ, 26ನೇ ತಾರೀಕು, ಮಧ್ಯಾಹ್ನದ ಮ್ಯಾಚು. ಆಫೀಸಿಗೆ ರಜೆ ಹಾಕಿದೆ. ಕಾರಣ ಕೇಳಿದರು. "ಊರಲ್ಲಿ ಒಂದು ಕಾರ್ಯ" ಅಂದೆ. ಯಾವ ಊರು ಅಂತ ಅವರು ಕೇಳಲಿಲ್ಲ.

46,889 ಜನ ಇದ್ದರು. ಒಂದು ಸೀಟೂ ಖಾಲಿ ಇರಲಿಲ್ಲ. ಈ ಟೀಮಿನ ಹಳೇ ಆಟಗಾರ ಬ್ಯಾರಿ ಜೀಟೋ ರಾಷ್ಟ್ರಗೀತೆ ಹಾಡಿದ. ಮೊದಲ ಚೆಂಡು ಎಸೆಯಲು ಇದೇ ಊರಲ್ಲಿ ಬೆಳೆದ ಹಳೇ ಆಟಗಾರರು ರಿಕಿ ಹೆಂಡರ್ಸನ್, ಡೇವ್ ಸ್ಟೀವರ್ಟ್ ಬಂದರು. ಆ ಮೈದಾನಕ್ಕೆ ರಿಕಿಯದೇ ಹೆಸರು. ಒಂದು ಬೇಸಿನಿಂದ (ರನ್ನಿಗಾಗಿ ಓಡಿ ಮುಟ್ಟಬೇಕಾದ ಗುರುತು) ಇನ್ನೊಂದಕ್ಕೆ ಕದ್ದು ಓಡುವುದರಲ್ಲಿ ಅವನನ್ನು ಮೀರಿಸಿದವರಿಲ್ಲ, ಒಟ್ಟು 1,406 ಸಲ. ನಿನ್ನ ಜೊತೆ ಓಡಿ ರನ್‌ಔಟ್ ಆಗದೇ ಇದ್ದಿದ್ದರೆ ಅವನು ನಿಜವಾದ ವೀರ ಅನ್ನುತ್ತಿದ್ದೆ. ಎಮ್ಮೆಯ ಪ್ರಸಂಗ ಇಲ್ಲಿ ಎತ್ತುವುದಿಲ್ಲ, ಹೆದರಬೇಡ.

ನನ್ನ ಪಕ್ಕದಲ್ಲಿ ಒಬ್ಬ ಅಜ್ಜಿ. ಎಪ್ಪತ್ತರ ಹತ್ತಿರ ಇರಬಹುದು. ಅಜ್ಜಿ ಅಂತ ಬರೆದದ್ದು ಗೊತ್ತಾದರೆ ಹೊಡೆಯುತ್ತಾರೆ. ತೊಡೆಯ ಮೇಲೆ ಸ್ಕೋರ್ ಪುಸ್ತಕ, ಕೈಯಲ್ಲಿ ಮೋಟು ಪೆನ್ಸಿಲ್. ಫೋನಿನಲ್ಲಿ ಎಲ್ಲ ಬರುವ ಕಾಲದಲ್ಲಿ ಪ್ರತಿ ಬ್ಯಾಟ್ಸ್‌ಮನ್‌ಗೂ ಒಂದು ಚಿಕ್ಕ ಚೌಕ, ಅದರೊಳಗೆ ಅವನ ಕಥೆ. ಬ್ಯಾಟು ಬೀಸಿ ಔಟಾದರೆ ಇಂಗ್ಲಿಷಿನ ಕೆ. ಬೀಸದೇ ಸುಮ್ನೆ ನಿಂತು ಔಟಾದರೆ ಅದೇ ಕೆ ಉಲ್ಟಾ. ಫೀಲ್ಡರುಗಳಿಗೆ ಒಂದೊಂದು ನಂಬರು. ಚೆಂಡು ಯಾರ ಕೈಯಿಂದ ಯಾರ ಕೈಗೆ ಹೋಯಿತು ಅಂತ 6-4-3 ಎಂದು ಬರೆದರೆ ಇಬ್ಬರು ಔಟಾದ ಪೂರ್ತಿ ಆಟ ಕಣ್ಣಿಗೆ ಕಟ್ಟುತ್ತದೆ. ತಪ್ಪಿದರೆ ಹೆಬ್ಬೆರಳಿಗೆ ಉಗುಳು ಹಚ್ಚಿ ಒರೆಸುತ್ತಿದ್ದರು. ಆ ಮೂಲೆಯಲ್ಲೆಲ್ಲ ಕಾಗದ ಕಪ್ಪಾಗಿ ತೆಳ್ಳಗಾಗಿತ್ತು. ನೀನು ನನ್ನ ಡಕ್ಕುಗಳಿಗೆ ಸೊನ್ನೆ ಬರೆಯುವ ಬದಲು ಬಾತುಕೋಳಿ ಬಿಡಿಸುತ್ತಿದ್ದದ್ದನ್ನು ಹೇಳಿದೆ. ಬಹಳ ನಕ್ಕರು. ಪುಸ್ತಕದ ಕೊನೆಯ ಹಾಳೆಯಲ್ಲಿ ಬಿಡಿಸಿ ತೋರಿಸು ಅಂದರು. ತೋರಿಸಿದೆ. ನಿನ್ನ ಬಾತುಕೋಳಿ ಈಗ ಓಕ್‌ಲ್ಯಾಂಡಿನಲ್ಲಿದೆ.

1968ರಲ್ಲಿ ಟೀಮು ಇಲ್ಲಿಗೆ ಬಂದ ವರ್ಷವೇ ಅವರಪ್ಪ ಅವರನ್ನು ಕರೆದುಕೊಂಡು ಬಂದಿದ್ದರಂತೆ. ಅದಕ್ಕೂ ಮುಂಚೆ ಈ ಟೀಮು ಕ್ಯಾನ್ಸಸ್ ಸಿಟಿಯಲ್ಲಿತ್ತು, ಅದಕ್ಕೂ ಮುಂಚೆ ಫಿಲಡೆಲ್ಫಿಯಾದಲ್ಲಿ. "ಕ್ಯಾನ್ಸಸ್ ಸಿಟಿಯವರೂ ಹೀಗೇ ಅತ್ತಿರಬೇಕು, ಆಗ ನಮಗೆ ಏನೂ ಅನಿಸಲಿಲ್ಲ" ಅಂದರು. ನನಗೆ ಆ ಮಾತು ಇಷ್ಟವಾಯಿತು. ಆ ದಿನ ಅಲ್ಲಿ ಇಷ್ಟು ನ್ಯಾಯವಾಗಿ ಮಾತಾಡಿದವರು ಅವರೊಬ್ಬರೇ. ಉಳಿದವರೆಲ್ಲ ಅರಚುತ್ತಿದ್ದರು, ನಾನೂ ಸೇರಿ.

ಮ್ಯಾಚು ನಾವೇ ಗೆದ್ದೆವು, 3-2. ಕೊನೆಗೆ ಮೇಸನ್ ಮಿಲ್ಲರ್ ಬಂದ. ಗಂಟೆಗೆ 160 ಕಿಲೋಮೀಟರ್ ದಾಟಿ ಎಸೆಯುವವನು. ಮುಗಿದ ಮೇಲೂ ಜನ ಏಳಲಿಲ್ಲ. ಮ್ಯಾನೇಜರ್ ಮಾರ್ಕ್ ಕಾಟ್ಸೇ ಮೈಕ್ ಹಿಡಿದು ಎಲ್ಲರಿಗೂ ಥ್ಯಾಂಕ್ಸ್ ಹೇಳಿ, ಊರ ಹೆಸರನ್ನು ಇನ್ನೊಂದೇ ಸಲ ಕೂಗಿ ಅಂದ. ಕೂಗಿದರು ನೋಡು. ಕಾಂಕ್ರೀಟು ನಡುಗಿದ್ದು ಅಂಗಾಲಿಗೆ ಗೊತ್ತಾಗುತ್ತಿತ್ತು. ಮುಂದೆ ಕೂತಿದ್ದ ದಪ್ಪ ಮೈಕಟ್ಟಿನ ಆಳೊಬ್ಬ ಟೋಪಿಯನ್ನು ಮುಖಕ್ಕೆ ಒತ್ತಿಕೊಂಡು ಅಳುತ್ತಿದ್ದ. ಅವನ ಮಗ ಏನೂ ಆಗಿಲ್ಲವೇನೋ ಅನ್ನುವಂತೆ ಐಸ್‌ಕ್ರೀಮು ತಿನ್ನುತ್ತಿದ್ದ.

ಅಜ್ಜಿ ಪುಸ್ತಕ ಮುಚ್ಚಿ ಬ್ಯಾಗಿಗೆ ಹಾಕಿಕೊಂಡು, ತಮಾಷೆಗೆ ಕೇಳಿದರು. "ನೀನು ಊರು ಬಿಟ್ಟಾಗಲೂ ಹಿಂಗೇ ಗಲಾಟೆ ಮಾಡಿದ್ರಾ?"

ಇಬ್ಬರೂ ನಕ್ಕೆವು. ರೈಲಿನಲ್ಲಿ ಕೂತ ಮೇಲೆ ನನಗೆ ನಗು ಬರಲಿಲ್ಲ.

ಮಂಜ, ನಾನು ಹೊರಟ ದಿನ ನೆನಪಿದೆಯಾ? 2011, ಬೀರೂರು ಜಂಕ್ಷನ್. ಅಪ್ಪ ಪ್ಲಾಟ್‌ಫಾರಮ್ಮಿನಲ್ಲಿ ಗುರುತಿದ್ದವರಿಗೂ ಇಲ್ಲದವರಿಗೂ ಪೇಡ ಹಂಚಿದರು. ಟೀ ಮಾರುವವನ ಕೈಗೂ ಒಂದು ಇಟ್ಟು "ಮಗ ಅಮೆರಿಕಾಕ್ಕೆ" ಅಂದರು. ಅಮ್ಮ ಸೂಟ್‌ಕೇಸಿನ ತೂಕ ಬಿಟ್ಟು ಬೇರೇನೂ ಮಾತಾಡಲಿಲ್ಲ. ಮೇಷ್ಟ್ರು ಬಂದಿದ್ದರು, ಬೆನ್ನು ತಟ್ಟಿದರು. ನೀನು ಸೂಟ್‌ಕೇಸನ್ನು ಸೀಟಿನ ಕೆಳಗೆ ತುರುಕಿ, ಚೈನು ಹಾಕಿ ಬೀಗ ಜಡಿದು, ಬೀಗದ ಕೈ ನನ್ನ ಜೇಬಿಗೆ ಹಾಕಿದೆ. "ಹೋಗಿ ಬಾರೋ, ಡಾಲರ್ ರೇಟು ಎಷ್ಟು ಅಂತ ಫೋನ್ ಮಾಡು" ಅಂದೆ.

ಇರೋ ಅಂತ ಒಬ್ಬರೂ ಅನ್ನಲಿಲ್ಲ.

ಹೋಗುವುದೇ ಗೆಲುವು ಅಂತ ಊರಿಗೆ ಊರೇ ಒಪ್ಪಿಕೊಂಡಿತ್ತು. ನಾನೂ ಒಪ್ಪಿಕೊಂಡಿದ್ದೆ. ಎಲ್ಲರೂ ಖುಷಿಯಾಗಿ ಕಳಿಸಿಕೊಟ್ಟರು, ಅದಕ್ಕೆ ನನಗೆ ಯಾರ ಮೇಲೂ ಕೋಪ ಇಲ್ಲ. ಆದರೆ ಮೊನ್ನೆ ಅಷ್ಟು ಸಾವಿರ ಜನ ಒಂದು ಟೀಮಿಗೆ ಹೋಗಬೇಡ, ಹೋಗಬೇಡ ಅಂತ ಗಂಟಲು ಹರಿದುಕೊಳ್ಳುತ್ತಿದ್ದರೆ ನನಗೆ ಆ ಟೀಮಿನ ಮೇಲೆ ಹೊಟ್ಟೆಕಿಚ್ಚು ಬಂತು ಕಣೋ. ದುಃಖ ಅಂದುಕೊಂಡಿದ್ದೆ. ರೈಲಿನಲ್ಲಿ ಗೊತ್ತಾಯಿತು, ಅದು ಹೊಟ್ಟೆಕಿಚ್ಚು. ದುಡ್ಡಿಗಾಗಿ ಊರು ಬಿಡುವವನನ್ನು ಅವರು ಎಂಥೆಂಥ ಮಾತಲ್ಲಿ ಬೈದರು ಅಂತ ನಿನಗೆ ಬರೆಯಲು ಆಗುವುದಿಲ್ಲ. ಎದ್ದು ನಿಂತು ನಾನೂ ಬೈದೆ. ಬೈಯುವಾಗ ಒಂಥರಾ ಹಿತ ಆಗುತ್ತಿತ್ತು. ಅಷ್ಟು ಬೈಗುಳ ತಿನ್ನಬೇಕಾದರೆ ಹೋಗುವವನು ಆ ಜನರಿಗೆ ಎಷ್ಟು ಬೇಕಾದವನಾಗಿರಬೇಕು ಅನ್ನುವುದು ಆಗ ಹೊಳೆಯಲಿಲ್ಲ.

ಈಗ ನಾನು ಊರಿಗೆ ಬಂದರೆ ಬಂದ ದಿನವೇ ಎಲ್ಲರೂ ಕೇಳುವ ಮೊದಲ ಮಾತು "ವಾಪಸ್ ಯಾವಾಗ?" ಅಂತ. ಬ್ಯಾಗು ಇನ್ನೂ ಕೆಳಗೆ ಇಟ್ಟಿರುವುದಿಲ್ಲ. ನೀನೂ ಅದನ್ನೇ ಕೇಳುತ್ತೀಯ.

ಇನ್ನೊಂದು ವಿಚಿತ್ರ ನೋಡು. ಟೀಮು ಸ್ಯಾಕ್ರಮೆಂಟೊದಲ್ಲಿ ಮೂರು ವರ್ಷ ಆಡುತ್ತದೆ, ಆದರೆ ಆ ಊರಿನ ಹೆಸರು ಇಟ್ಟುಕೊಳ್ಳುವುದಿಲ್ಲವಂತೆ. ಬರೀ ಅಥ್ಲೆಟಿಕ್ಸ್. ನನ್ನದು ಇದರ ಉಲ್ಟಾ. ಹೆಸರಿನ ಮುಂದಿದ್ದ "ಬಿ" ಪಾಸ್‌ಪೋರ್ಟಿನಲ್ಲಿ ಹಿಗ್ಗಿ ಸರ್‌ನೇಮ್ ಆಗಿ ಕೂತಿದೆ. ಆಫೀಸಿನಲ್ಲಿ ನಾನು ಮಿಸ್ಟರ್ ಬೀರೂರ್. ಹಲ್ಲಿನ ಡಾಕ್ಟರ ಹತ್ತಿರ ಹೋದರೆ ನರ್ಸು "ಬಿರ್ರರ್" ಅಂತ ಕೂಗುತ್ತಾಳೆ, ಎದ್ದು ಹೋಗುತ್ತೇನೆ. ಮಗಳ ಹೆಸರಿಗೂ ಅದೇ ಅಂಟಿಕೊಂಡಿದೆ. ಅವಳಿಗೆ ಬೀರೂರು ಅಂದರೆ ಸೊಳ್ಳೆ, ಮತ್ತು ನಿಮ್ಮನೆ ನಾಯಿ.

ಇಷ್ಟು ಬರೆದ ಮೇಲೆ ನೀನು ಏನು ಹೇಳುತ್ತೀಯ ಅಂತ ಗೊತ್ತು. "ಇರು ಅಂದಿದ್ರೆ ಇರ್ತಿದ್ಯೇನೋ?" ಇಲ್ಲ. ಖಂಡಿತ ಇರುತ್ತಿರಲಿಲ್ಲ. ರೈಲು ಅರಸೀಕೆರೆ ದಾಟುವಷ್ಟರಲ್ಲಿ ಮರೆತೂ ಬಿಡುತ್ತಿದ್ದೆ. "ಮತ್ತೆ ಇದೆಲ್ಲ ಯಾಕೆ?" ಗೊತ್ತಿಲ್ಲ ಮಾರಾಯ. ಬಿಸಿಲಲ್ಲಿ ಜಾಸ್ತಿ ಹೊತ್ತು ಕೂತಿದ್ದೆ. ನಿನ್ನ ಪುಸ್ತಕದಲ್ಲಿ ಇದಕ್ಕೂ ಒಂದು ಬಾತುಕೋಳಿ ಬಿಡಿಸು, ಸಾಕು. ಇದನ್ನು ಓದಿ ಗಾಬರಿಯಾಗಿ ಫೋನ್ ಮಾಡಬೇಡ. ಅಪ್ಪನಿಗೆ ತೋರಿಸಬೇಡ, ತೋಟದ ವಿಷಯವೇ ಅಂತ ಮತ್ತೆ ಶುರುಮಾಡುತ್ತಾರೆ. ನನ್ನ ಹೆಂಡತಿ ಆಗಲೇ ತೀರ್ಪು ಕೊಟ್ಟಾಗಿದೆ. "ಬೇಸ್‌ಬಾಲ್ ನೋಡಿ ಅತ್ತ ಮೊದಲ ಬೀರೂರಿನವರು ನೀವೇ ಇರಬೇಕು. ಹಿತ್ತಲಲ್ಲಿ ಒಂದು ಕಲ್ಲು ನೆಡಿಸೋಣ."

ನಾಳೆ ಸಿಯಾಟಲ್‌ನಲ್ಲಿ ಸೀಸನ್ನಿನ ಕೊನೇ ಮ್ಯಾಚು. ಟಿವಿಯಲ್ಲಿ ನೋಡುತ್ತೇನೆ. ಮುಂದಿನ ವರ್ಷ ಸ್ಯಾಕ್ರಮೆಂಟೊಗೆ ಹೋಗುವುದಿಲ್ಲ ಅಂತ ಶಪಥ ಮಾಡಿದ್ದೇನೆ. ಸುಮಾರು 14,000 ಜನ ಹಿಡಿಯುವ ಮೈದಾನ ಅದು, ಜೈಂಟ್ಸಿನ ಮರಿ ಟೀಮು ಆಡುವ ಜಾಗ. ಎರಡು ಗಂಟೆ ಕಾರು ಓಡಿಸಿಕೊಂಡು ಯಾರು ಹೋಗುತ್ತಾರೆ? ಟಿಕೆಟ್ ಯಾವಾಗ ಬಿಡುತ್ತಾರೆ ಅಂತ ಸುಮ್ನೆ ನೋಡಿ ಇಟ್ಟುಕೊಂಡಿದ್ದೇನೆ, ಅಷ್ಟೇ. ಜೈಂಟ್ಸ್ ಕಡೆಗೆ ಹೋಗು ಅಂತ ಆಫೀಸಿನವರು ಹೇಳುತ್ತಾರೆ. ಚೆನ್ನೈಗೆ ಸಪೋರ್ಟ್ ಮಾಡು ಅಂದ ಹಾಗಾಯಿತು.

ಹಾಂ, ನಿನಗೊಂದು ಟೋಪಿ ತೆಗೆದಿಟ್ಟಿದ್ದೇನೆ. ಡಿಸೆಂಬರಿನಲ್ಲಿ ಬರುವಾಗ ತರುತ್ತೇನೆ. ಹಸಿರು ಬಟ್ಟೆ, ಹಳದಿ ಮೂತಿ. ಅದನ್ನು ಹಾಕಿಕೊಂಡು ಎಪಿಎಂಸಿಗೆ ಹೋದರೆ ಯಾವ ಬಣದವನಯ್ಯಾ ನೀನು ಅಂತ ಕೇಳೇ ಕೇಳುತ್ತಾರೆ. ಓಕ್‌ಲ್ಯಾಂಡ್ ರೈತ ಸಂಘ ಅಂದುಬಿಡು. ಯಾರೂ ಮುಂದಕ್ಕೆ ಕೇಳುವುದಿಲ್ಲ.

ಇಂತಿ ನಿನ್ನ,
ಮಿಸ್ಟರ್ ಬಿರ್ರರ್